ಕುರಿ ಕುಡಿದ ನೀರು

“ಸರ್, ಅದನ್ನ ಯಾರು ಅಳದು ನೋಡ್ಯಾರ್ರಿ?”

ಮೂರು ವರ್ಷ ಈ ಒಂದು ಪ್ರಶ್ನೆ ನನ್ನ ಬೆಳಗುಗಳನ್ನು ಹಾಳು ಮಾಡಿತು. ಪಾಠ ಒಂದು ಲಯಕ್ಕೆ ಬಂದಿರುತ್ತಿತ್ತು, ಹಿಂದಿನ ಬೆಂಚಿನವರು ಕೂಡ ಬರೆದುಕೊಳ್ಳುತ್ತಿರುತ್ತಿದ್ದರು. ಅಷ್ಟರಲ್ಲಿ ಎಡಗಡೆಯ ಮೂರನೇ ಬೆಂಚಿನಿಂದ ಇದು ಬರುತ್ತಿತ್ತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಲ್ಲುತ್ತಿತ್ತು.

ಕಳೆದ ತಿಂಗಳು ಹರಪನಹಳ್ಳಿಯ ಕಾಲೇಜಿನಿಂದ ನಿವೃತ್ತನಾದೆ. ಬೀಳ್ಕೊಡುಗೆ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು, “ಇವರ ಪಾಠ ಕೇಳಿ ನೂರಾರು ವಿದ್ಯಾರ್ಥಿಗಳ ಊಟದ ಪದ್ಧತಿಯೇ ಬದಲಾಗಿದೆ” ಎಂದರು. ಚಪ್ಪಾಳೆ ಬಿತ್ತು. ನನ್ನ ಕಣ್ಣು ತಾನಾಗಿಯೇ ಎಡಗಡೆಯ ಮೂರನೇ ಸಾಲಿಗೆ ಹೋಯಿತು. ಅಲ್ಲಿ ಯಾರೋ ಫೋನು ನೋಡುತ್ತ ಕೂತಿದ್ದರು. ಆ ಪ್ರಶ್ನೆ ಕೇಳುತ್ತಿದ್ದ ಹುಡುಗಿ ಕಾಲೇಜು ಬಿಟ್ಟು ಏಳು ವರ್ಷವಾಗಿದೆ ಎಂಬುದು ನನಗೆ ಗೊತ್ತು. ಆದರೂ ಅರೆಗಳಿಗೆ ಕಾದೆ. ಯಾರೂ ಕೇಳಲಿಲ್ಲ. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸಭೆ ಮುಗಿಯಿತು.

ಆಕೆಯ ಹೆಸರು ಬರೆಯುವುದಿಲ್ಲ. ಆಕೆಯನ್ನು ಕೇಳಿಯೂ ಇಲ್ಲ. ಕೇಳಿದರೆ “ಏನು ಬರದೀರಿ, ಮೊದಲು ತೋರಸ್ರಿ” ಎನ್ನುತ್ತಾಳೆ. ತೋರಿಸಿದರೆ ಈ ಬರಹ ಈ ಜನ್ಮದಲ್ಲಿ ಮುಗಿಯುವುದಿಲ್ಲ.

ತೆಲಿಗಿ ಕಡೆಯಿಂದ ಬರುವ ಬಸ್ಸಿನಲ್ಲಿ ಬರುತ್ತಿದ್ದಳು. ಬಸ್ಸು ತಡವಾದರೆ ತರಗತಿಗೂ ತಡ. ಬಾಗಿಲಲ್ಲಿ ನಿಂತು “ಬರಲ್ರಿ ಸರ್?” ಎಂದು ಕೇಳಿ, ನಾನು ತಲೆಯಾಡಿಸುವ ಮೊದಲೇ ಒಳಗೆ ಬಂದಿರುತ್ತಿದ್ದಳು. ಸಣಕಲು ದೇಹ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಒಂದೇ ಜಡೆ, ಮೊಣಕೈಯ ಹತ್ತಿರ ಯಾವಾಗಲೂ ಒಂದು ಗೀರು ಗಾಯ. ಮನೆಯಲ್ಲಿ ಕುರಿ ಇದ್ದವು. ಬೆಳಿಗ್ಗೆ ತೊಟ್ಟಿಗೆ ನೀರು ತುಂಬಿಸಿ, ಮರಿಗಳಿಗೆ ಸೊಪ್ಪು ಕಟ್ಟಿ ಬರುವುದು ಆಕೆಯ ಪಾಲಿನ ಕೆಲಸ. ಪ್ರಶ್ನೆ ಕೇಳಲು ಕೈ ಎತ್ತುತ್ತಿರಲಿಲ್ಲ. ಬೆಂಚಿನ ಅಂಚು ಹಿಡಿದು ಅರ್ಧ ಏಳುತ್ತಿದ್ದಳು. ನಾನು ಉತ್ತರ ಹೇಳಿ ಮುಗಿಸಿದ ಮೇಲೆ “ಹ್ಞೂಂ” ಎಂದು ಕೂರುತ್ತಿದ್ದಳು. ಮೊದಮೊದಲು ಆ “ಹ್ಞೂಂ” ಅಂದರೆ ಒಪ್ಪಿದಳು ಎಂದುಕೊಂಡಿದ್ದೆ. ನೀವು ಹೇಳಿದ್ದು ಕಿವಿಗೆ ಬಿತ್ತು, ಅಷ್ಟೇ ಎಂಬುದು ಅದರ ಅರ್ಥವೆಂದು ತಿಳಿಯಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು.

ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಪರಿಸರ ಅಧ್ಯಯನದ ವಿಷಯವನ್ನೂ ನನ್ನ ತಲೆಗೇ ಕಟ್ಟಿದ್ದರು. ಅದರಲ್ಲಿ ಆಹಾರ ಮತ್ತು ಸುಸ್ಥಿರತೆ ಎಂಬ ಪಾಠ. ನಿಜ ಹೇಳಬೇಕೆಂದರೆ ನನಗೆ ಆ ಪಾಠ ಇಷ್ಟವಾಗಿತ್ತು. ಟಿಪ್ಪಣಿ ಚೆನ್ನಾಗಿ ಮಾಡಿಕೊಂಡಿದ್ದೆ, ವರ್ಷವರ್ಷ ಅದನ್ನೇ ಹೇಳುತ್ತಿದ್ದೆ, ಯಾರೂ ತಕರಾರು ತೆಗೆದಿರಲಿಲ್ಲ. ಆ ವರ್ಷ ಹೀಗಾಯಿತು. ಒಂದು ಕಿಲೋ ಮಾಂಸ ತಯಾರಾಗಲು ಸಾವಿರಾರು ಲೀಟರ್ ನೀರು ಖರ್ಚಾಗುತ್ತದೆ, ಆದ್ದರಿಂದ ಮಾಂಸ ತಿನ್ನುವುದೆಂದರೆ ನೀರು ಪೋಲು ಮಾಡಿದಂತೆ ಎಂದೆ. ಬೆಂಚಿನ ಅಂಚು ಕಿರ್ರೆಂದಿತು.

“ಸರ್, ಕುರಿಗೂ ಅಷ್ಟಾ ಏನ್ರಿ?”

“ಕುರಿಗೂ ಅಷ್ಟೇ.”

“ನಮ್ಮ ಕುರಿಗೆ ನಾನಾ ನೀರು ಹಾಕ್ತೀನ್ರಿ. ಕೊಡ ಎಣಿಸಿ ಹಾಕ್ತೀನಿ. ಅಷ್ಟು ನೀರು ಯಾವಾಗ ಕುಡದ್ವು?”

ತರಗತಿ ನಕ್ಕಿತು. ನಾನೂ ನಕ್ಕೆ. ತಾಳ್ಮೆಯಿಂದಲೇ ವಿವರಿಸಿದೆ. ಕುಡಿಯುವ ನೀರು ಮಾತ್ರ ಅಲ್ಲಮ್ಮ, ಕುರಿ ತಿನ್ನುವ ಹುಲ್ಲು ಬೆಳೆಯಲು ಬೇಕಾದ ಮಳೆ ನೀರನ್ನೂ ಅದರಲ್ಲಿ ಸೇರಿಸುತ್ತಾರೆ ಎಂದೆ.

“ಗುಡ್ಡದ ಹುಲ್ಲಿಗೆ ಬಿದ್ದ ಮಳಿನೂ?”

“ಹೌದು.”

“ಕುರಿ ಇಲ್ಲದಿದ್ರ ಆ ಮಳಿ ಎತ್ಲಾಗ ಹೋಗ್ತಿತ್ರಿ ಸರ್?”

ಅಂದು ನಾನು ಕೊಟ್ಟ ಉತ್ತರ ಈಗ ನೆನಪಿಲ್ಲ. ಉತ್ತರ ಕೊಟ್ಟೆನೋ ಇಲ್ಲವೋ ಅದೂ ನೆನಪಿಲ್ಲ. ಇದೆಲ್ಲ ಪರೀಕ್ಷೆಗೆ ಬರುವುದಿಲ್ಲ, ಬರೆದುಕೊಳ್ಳಿ ಎಂದು ಮುಂದಿನ ಸಾಲಿಗೆ ಹೋದೆ. ಆಕೆ “ಹ್ಞೂಂ” ಎಂದು ಕೂತಳು. ಮನೆಗೆ ಬಂದು ಊಟ ಮಾಡುವಾಗ ಸಿಟ್ಟು ಬಂತು. ಯಾಕೆಂದರೆ ಪ್ರಶ್ನೆ ಸರಿಯಾಗಿತ್ತು.

ಇನ್ನೊಂದು ದಿನ ಸುಸ್ಥಿರ ಎಂದರೇನು ಎಂದು ಕೇಳಿದಳು. ಮುಂದಿನ ಪೀಳಿಗೆಗೆ ಕೊರತೆಯಾಗದಂತೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು ಎಂಬ ವ್ಯಾಖ್ಯೆಯನ್ನು ಎರಡು ಸಲ ನಿಧಾನವಾಗಿ ಹೇಳಿದೆ. ಬರೆದುಕೊಂಡು, ಬರೆದದ್ದನ್ನು ಒಮ್ಮೆ ಓದಿ, “ಇದ್ದುದರಾಗ ನಿಭಾಸೋದು ಅನ್ರಿ ಮತ್ತ. ಅದನ್ನ ನಮ್ಮವ್ವ ದಿನಾ ಮಾಡ್ತಾಳ” ಎಂದಳು. ಅಣಕವಿರಲಿಲ್ಲ ಆ ಮಾತಿನಲ್ಲಿ. ಅಣಕವಿದ್ದಿದ್ದರೆ ಗದರಿಸಿ ಕೂರಿಸಬಹುದಿತ್ತು.

ಒಮ್ಮೆ ಡಬ್ಬಿ ಮರೆತು ಬಂದಿದ್ದೆ. ಪ್ರಯೋಗಶಾಲೆಯಲ್ಲಿ ಮಧ್ಯಾಹ್ನ ಅದು ಹೇಗೋ ಆಕೆಗೆ ತಿಳಿಯಿತು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಚಟ್ನಿ ತಂದು ಮೇಜಿನ ಮೇಲಿಟ್ಟಳು. ನಾನು ಮನಸೋತು, “ನೋಡಮ್ಮ, ನಾನು ಪಾಠದಲ್ಲಿ ಹೇಳಿದ್ದು ಇದನ್ನೇ. ನಮ್ಮ ನೆಲದ್ದು, ನಮ್ಮ ಊರಿನದು” ಎಂದೆ.

“ಜ್ವಾಳ ರೇಷನ್ ಅಂಗಡೀದ್ರಿ ಸರ್. ಎಲ್ಲಿಂದ ಬಂದೈತೋ ಗೊತ್ತಿಲ್ಲ. ನಮ್ಮ ಹೊಲದಾಗ ಮೆಕ್ಕೆಜೋಳ ಐತಿ, ಅದನ್ನ ಯಾರೂ ಉಣ್ಣಂಗಿಲ್ಲ.” ನನ್ನ ಮುಖ ನೋಡಿ ಏನನ್ನಿಸಿತೋ, “ಪುಂಡಿ ಮಾತ್ರ ನಮ್ಮದಾ ರಿ. ಉಣ್ಣ್ರಿ” ಎಂದಳು.

ಆ ರೊಟ್ಟಿ ರುಚಿಯಾಗಿತ್ತು. ಆದರೆ ಒಂದು ಒಳ್ಳೆಯ ಮಾತಾಡಿ ಊಟ ಮಾಡುವ ಸುಖವನ್ನೂ ಈ ಹುಡುಗಿ ನನಗೆ ಬಿಡಲಿಲ್ಲವಲ್ಲ ಎಂದು ಗೊಣಗಿಕೊಂಡೇ ತಿಂದೆ.

ಕಾಲೇಜಿನಲ್ಲಿ ಸಿರಿಧಾನ್ಯದ ದಿನ ಆಚರಿಸಿದೆವು. ಹೊರಗಿನಿಂದ ಭಾಷಣಕಾರರನ್ನು ಕರೆಸಿದ್ದೆ. ಅವರು ಬಹಳ ಚೆನ್ನಾಗಿ ಮಾತಾಡಿದರು. ನಮ್ಮ ಹಿರಿಯರು ನವಣೆ, ಸಾಮೆ ತಿಂದು ಗಟ್ಟಿಮುಟ್ಟಾಗಿ ಬಾಳಿದರು, ನಾವು ನಾಲಿಗೆಯ ಚಪಲಕ್ಕೆ ಅಕ್ಕಿಗೆ ಬಿದ್ದು ರೋಗ ತಂದುಕೊಂಡೆವು ಎಂದರು. ಪ್ರಶ್ನೆ ಇದ್ದರೆ ಕೇಳಿ ಎಂದೂ ಹೇಳಿದರು. ಬೇಡವೆಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಆಕೆ ಎದ್ದಾಗಿತ್ತು.

“ನಮ್ಮ ತಾತ ಹುಟ್ಟಿದಾಗಿಂದ ನವಣಿ ಉಂಡಾನ್ರಿ. ಐವತ್ತು ತುಂಬೋದ್ರಾಗ ಹೋಗ್ಯಾನ.”

ಭಾಷಣಕಾರರು ನಗುವ ಪ್ರಯತ್ನ ಮಾಡಿದರು. ಆಕೆ ಕೂರಲಿಲ್ಲ.

“ನಮ್ಮಜ್ಜಿ ಇನ್ನಾ ಅದಾಳ. ನವಣಿ ಯಾಕ ಬಿಟ್ಟಿ ಅಂತ ಕೇಳಿದೆ. ಒನಕಿ ಹಿಡದು ಕುಟ್ಟೀ ಕುಟ್ಟೀ ಬಲಗೈ ಮ್ಯಾಲಕ್ಕ ಏಳಂಗಿಲ್ಲ ಅಕೀದು. ತಲಿ ಬಾಚಾಕೂ ನಾವಾ ಬೇಕು. ಅಕ್ಕಿ ಬಂದಾಗ ಕೈ ಮುಗದೆ ಅಂತಾಳ್ರಿ. ಅದು ನಾಲಿಗಿ ಚಪಲ ಹೆಂಗಾತು?”

ಹಿಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರು ನನ್ನನ್ನು ಕೊಠಡಿಗೆ ಕರೆದು, “ಏನ್ರೀ, ನಿಮ್ಮ ಕ್ಲಾಸಿನ ಮಕ್ಕಳಿಗೆ ಸಭೆಯಲ್ಲಿ ಹೆಂಗೆ ಇರಬೇಕು ಅಂತ ಹೇಳಿಕೊಟ್ಟಿಲ್ಲೇನ್ರಿ?” ಎಂದು ಕೇಳಿದರು. ಹೇಳಿಕೊಟ್ಟಿದ್ದೇನೆ, ಆದರೆ ಆಕೆ ಅದಕ್ಕೂ ಕಾರಣ ಕೇಳುತ್ತಾಳೆ ಎನ್ನಬೇಕೆನಿಸಿತು. ಸುಮ್ಮನೆ ತಲೆ ತಗ್ಗಿಸಿ ಬಂದೆ.

ಇಷ್ಟೇ ಆಗಿದ್ದರೆ ಆಕೆಯನ್ನು ಒಬ್ಬ ತರಲೆ ವಿದ್ಯಾರ್ಥಿನಿ ಎಂದು ಮರೆತುಬಿಡುತ್ತಿದ್ದೆ. ಮುಂದೆ ಆದದ್ದರಲ್ಲಿ ನನ್ನ ತಪ್ಪಿದೆ.

ಕೊನೆಯ ವರ್ಷ ಎಲ್ಲರಿಗೂ ಒಂದು ಯೋಜನಾ ವರದಿ ಬರೆಯಲು ಹೇಳಿದ್ದೆ. ತಾವು ತಿನ್ನುವ ಯಾವುದಾದರೂ ಒಂದು ಆಹಾರಕ್ಕೆ ಎಷ್ಟು ನೀರು ಬೇಕು ಎಂದು ತಿಳಿದು ಬರೆಯಬೇಕು. ಉಳಿದವರು ಫೋನಿನಲ್ಲಿ ಹುಡುಕಿ ಮೂರು ದಿನದಲ್ಲಿ ತಂದುಕೊಟ್ಟರು. ಆಕೆ ಬೇಸಿಗೆಯ ರಜೆಯನ್ನೆಲ್ಲ ಅದಕ್ಕೆ ಹಾಕಿದ್ದಳು. ತಮ್ಮ ಕುರಿಗಳು ದಿನಾ ಕುಡಿದ ಕೊಡಗಳನ್ನು ಎಣಿಸಿದ್ದಳು. ಸಂಜೆ ತೊಟ್ಟಿಯಲ್ಲಿ ಉಳಿದ ನೀರನ್ನು ಅಳೆದು ಕಳೆದಿದ್ದಳು. ಬಿಸಿಲಿಗೆ ಆರಿಹೋದದ್ದು ಎಷ್ಟೆಂದು ತಿಳಿಯಲು ಪಕ್ಕದಲ್ಲಿ ಒಂದು ಬಕೆಟ್ಟು ನೀರನ್ನು ಮುಟ್ಟದೆ ಇಟ್ಟಿದ್ದಳು. ಅದನ್ನು ಮಾಡಲು ನಾನು ಹೇಳಿಕೊಟ್ಟಿರಲಿಲ್ಲ. ಊರ ಹೊರಗಿನ ಕೋಳಿ ಶೆಡ್ಡಿಗೂ ಹೋಗಿದ್ದಳು. ಅಲ್ಲಿ ಹಾಕುವ ಮೇವಿನ ಮೆಕ್ಕೆಜೋಳ ಎಲ್ಲಿಯದು ಎಂದು ವಿಚಾರಿಸಿ, ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಹಾಯಿಸಿ ಬೆಳೆದ ಒಂದು ಹೊಲದಲ್ಲಿ ಮೋಟರು ಎಷ್ಟು ಹೊತ್ತು ಓಡುತ್ತದೆ ಎಂದು ಕೂತು ನೋಡಿದ್ದಳು.

ವರದಿಯ ಕೊನೆಯಲ್ಲಿ ಹೀಗೆ ಬರೆದಿದ್ದಳು: ಕೋಳಿಯ ವಿಷಯದಲ್ಲಿ ಸರ್ ಹೇಳಿದ್ದು ಸರಿ ಇದೆ. ನಾನು ತಪ್ಪು ತಿಳಿದಿದ್ದೆ. ಗುಡ್ಡದಲ್ಲಿ ಮೇಯುವ ಕುರಿಯ ವಿಷಯದಲ್ಲಿ ಸರ್ ಹೇಳಿದ್ದು ಸರಿ ಇಲ್ಲ. ಕಟ್ಟಿ ಸಾಕುವ ಕುರಿಯ ವಿಷಯ ನನಗೆ ಗೊತ್ತಿಲ್ಲ.

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. “ನನಗೆ ಗೊತ್ತಿಲ್ಲ” ಎಂದು ಬರೆದು ಸಹಿ ಹಾಕಿದ ವಿದ್ಯಾರ್ಥಿಯನ್ನು ಅದೇ ಮೊದಲು ನೋಡಿದ್ದು.

ಆದರೆ ಆಗ ನನಗೆ ಬೇಕಾಗಿದ್ದದ್ದು ಅದಲ್ಲ. ಕಾಲೇಜಿನ ಮೌಲ್ಯಮಾಪನಕ್ಕೆ ಹೊರಗಿನಿಂದ ತಂಡ ಬರುವುದಿತ್ತು. ವಿದ್ಯಾರ್ಥಿಗಳ ಸಂಶೋಧನೆ ಎಂದು ಗೋಡೆಗೆ ತೂಗುಹಾಕಲು ಚೆಂದದ ಚಾರ್ಟು ಬೇಕಿತ್ತು. ಆಕೆಯ ಅಳತೆಗಳೆಲ್ಲ ನಿಜವಾದವು, ಆದ್ದರಿಂದ ಅವನ್ನೇ ಆರಿಸಿಕೊಂಡೆ. ಕೊನೆಯ ಸಾಲುಗಳು ಮಾತ್ರ ಗೊಂದಲವಾಗಿ ಕಂಡವು. ಅವನ್ನು ತೆಗೆದು, “ಮಾಂಸಾಹಾರ ಬಿಡಿ, ನೀರು ಉಳಿಸಿ” ಎಂದು ದೊಡ್ಡಕ್ಷರದಲ್ಲಿ ಬರೆಸಿದೆ. ಕೆಳಗೆ ಆಕೆಯ ಹೆಸರು. ಆಕೆಗೆ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೆಂದು ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ತಂಡದಲ್ಲಿದ್ದ ಹಿರಿಯರೊಬ್ಬರು ಚಾರ್ಟಿನ ಮುಂದೆ ನಿಂತು, “ಇದನ್ನು ಮಾಡಿದವರು ಯಾರು? ಬಹಳ ಶ್ರಮ ಪಟ್ಟಿದ್ದಾರೆ” ಎಂದರು. ಪ್ರಾಂಶುಪಾಲರು ಹೆಮ್ಮೆಯಿಂದ ಆಕೆಯನ್ನು ಮುಂದೆ ಕರೆದರು. ಆಕೆ ಚಾರ್ಟನ್ನು ಮೇಲಿಂದ ಕೆಳಗೆ ಓದಿದಳು. ಅವಸರವಿಲ್ಲದೆ ಓದಿದಳು. ಆಮೇಲೆ ದೊಡ್ಡಕ್ಷರದ ಮೇಲೆ ಬೆರಳಿಟ್ಟು, “ಇದು ನಂದಲ್ರಿ” ಎಂದಳು.

“ಅಂದರೆ?”

“ಅಳತಿ ನಂದು. ಈ ಸಾಲು ನಂದಲ್ಲ. ನಾನು ಬರದಿದ್ದು ಬ್ಯಾರೆ ಐತ್ರಿ.”

“ಹಾಗಾದರೆ ಇದನ್ನು ಬರೆದವರು ಯಾರು?”

ಆಕೆ ನನ್ನ ಕಡೆ ನೋಡಲಿಲ್ಲ. “ಅದು ನನಗ ಗೊತ್ತಿಲ್ರಿ” ಎಂದಳು. ಗೊತ್ತಿತ್ತು. ನನ್ನ ಅನುಭವದಲ್ಲಿ ಆಕೆ ಹೇಳಿದ ಸುಳ್ಳು ಅದೊಂದೇ. ಅದನ್ನು ನನಗಾಗಿ ಹೇಳಿದಳು. ಆ ಹೊತ್ತಿನಲ್ಲಿ ಅದನ್ನೂ ಕಾಣಲಾರದಷ್ಟು ಅವಮಾನ ನನ್ನ ತಲೆಗೇರಿತ್ತು.

ಆಂತರಿಕ ಅಂಕಗಳು ನನ್ನ ಕೈಯಲ್ಲಿದ್ದವು. ಆರು ಅಂಕ ಕಡಿಮೆ ಮಾಡಿದೆ. ಪಟ್ಟಿ ಗೋಡೆಗೆ ಅಂಟಿಸಿದ ದಿನ ಆಕೆ ಸಿಬ್ಬಂದಿ ಕೊಠಡಿಗೆ ಬಂದಳು. ಅಳುತ್ತಾಳೆ, ಬೇಡಿಕೊಳ್ಳುತ್ತಾಳೆ, ಆಗ ನಾನು ದೊಡ್ಡ ಮನಸ್ಸು ಮಾಡಿ ಸರಿಪಡಿಸಬಹುದು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

“ಸರ್, ಎಲ್ಲಿ ತಪ್ಪಾಗೈತಿ ತೋರಸ್ರಿ. ತಿದ್ದಿಕೊಂತೀನಿ.”

“ವರದಿಗಲ್ಲ. ನಡತೆಗೆ.”

“ನಡತಿಗೆ ಆರು ಮಾರ್ಕ್ಸ್ ಇಟ್ಟಾರಂತ ಮೊದಲಾ ಹೇಳಿದ್ರ ಛಲೋ ಇತ್ತ್ರಿ.”

“ನೋಡು, ಮಾತಿಗೆ ಮಾತು ಬೆಳೆಸಬೇಡ.”

“ಹ್ಞೂಂ” ಎಂದು ಹೊರಟುಹೋದಳು. ಸರಿಪಡಿಸಲು ನನಗೆ ಇನ್ನೂ ಎರಡು ದಿನ ಸಮಯವಿತ್ತು. ಸರಿಪಡಿಸಲಿಲ್ಲ. ಇನ್ನೊಂದು ಸಲ ಬಂದು ಕೇಳಲಿ ಎಂದು ಕಾದೆ. ಆಕೆ ಬರಲಿಲ್ಲ.

ಮರುವರ್ಷ ಆಕೆಯ ಓರಗೆಯ ಹುಡುಗಿಯೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಆಕೆಗೆ ಬಿ.ಎಡ್. ಸರ್ಕಾರಿ ಸೀಟು ಕೂದಲೆಳೆಯಲ್ಲಿ ತಪ್ಪಿತಂತೆ, ಕೊಟ್ಟೂರು ಕಡೆ ಮದುವೆ ಮಾಡಿಕೊಟ್ಟರಂತೆ ಎಂದಳು. ನಾನು “ಹೌದಾ?” ಎಂದು ಬಸ್ಸು ಹತ್ತಿದೆ. ಊರು ಮುಟ್ಟುವವರೆಗೆ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದೆ. ಏನು ನೋಡಿದೆನೆಂದು ಕೇಳಿದರೆ ಹೇಳಲಾರೆ.

ಆಮೇಲೆ ಆಕೆಯನ್ನು ಕಂಡದ್ದು ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ. ನಮ್ಮ ಸ್ವಂತ ಊರು ಕೊಟ್ಟೂರಿನ ಹತ್ತಿರ. ಹೊಲ ನನ್ನ ಹೆಸರಿನಲ್ಲಿದ್ದರೂ ತಮ್ಮನೇ ಉಳುತ್ತಾನೆ. ಒಂದು ಭಾನುವಾರ ಬೆಳಿಗ್ಗೆ ಅವನ ಫೋನು ಬಂತು.

“ಅಣ್ಣ, ಬೆಳೆ ಸಮೀಕ್ಷಿ ಮಾಡಾಕ ಒಬ್ಬಾಕಿ ಬಂದಾಳ. ನಿನ್ನ ಶಿಷ್ಯೆ ಅಂತ. ನಾವು ನವಣಿ ಅಂತ ಅರ್ಜಿ ಕೊಟ್ಟಿದ್ವಲ್ಲ, ಹಂಗಾ ಬರಕೊಳ್ಳವ್ವ ಅಂದ್ರ ಒಲ್ಲೆ ಅಂತಾಳ. ನೀ ಬಂದು ಒಂದು ಮಾತು ಹೇಳಿ ಹೋಗು.”

ಸಿರಿಧಾನ್ಯ ಬೆಳೆದವರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನಕ್ಕೆ ನನ್ನ ತಮ್ಮ ಅರ್ಜಿ ಹಾಕಿದ್ದ. ಸಹಿ ನನ್ನದು. ಬಿತ್ತಿದ್ದು ಮೆಕ್ಕೆಜೋಳ ಎಂಬುದು ನನಗೂ ಗೊತ್ತಿತ್ತು. ಎಲ್ಲರೂ ಮಾಡುತ್ತಾರೆ ಎಂದು ಅವನು ಹೇಳಿದ್ದ. ಹರಪನಹಳ್ಳಿಯಲ್ಲಿ ನವಣೆಯ ಮಹಿಮೆ ಹೇಳುತ್ತಿದ್ದ ನಾನು ಕೊಟ್ಟೂರಿನಲ್ಲಿ ಆ ಕಾಗದಕ್ಕೆ ಸಹಿ ಹಾಕಿದ್ದೆ.

ಹೋದೆ. ಹೊಲದ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಳು. ತಲೆಯ ಮೇಲೆ ಸೆರಗು, ಕಾಲಿಗೆ ಗಂಡಸರ ರಬ್ಬರ್ ಚಪ್ಪಲಿ, ಕೈಯಲ್ಲಿ ಸಮೀಕ್ಷೆಯ ಫೋನು; ಫೋಟೊ ಎಲ್ಲಿ ನಿಂತು ತೆಗೆದದ್ದು ಎಂಬುದೂ ಅದರಲ್ಲಿ ದಾಖಲಾಗುತ್ತದೆ. ಮೈ ಸ್ವಲ್ಪ ತುಂಬಿಕೊಂಡಿತ್ತು. ನನ್ನನ್ನು ಕಂಡು ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದಳು.

“ಆರಾಮ ಅದೀರಿಲ್ರಿ ಸರ್? ಕೂದಲಾ ಎಲ್ಲಾ ಬೆಳ್ಳಗಾಗ್ಯಾವಲ್ರಿ.”

ಆಕೆಗೆ ಒಬ್ಬ ಮಗಳು, ಗಂಡ ಒಳ್ಳೆಯವನು, ಊರಲ್ಲಿ ಹೆಣ್ಣುಮಕ್ಕಳಿಗೆ ಸಂಜೆ ಪಾಠ ಹೇಳುತ್ತಾಳೆ, ಹಂಗಾಮಿನಲ್ಲಿ ಸಮೀಕ್ಷೆಯ ಕೆಲಸ. ಇಷ್ಟು ಮಾತಾದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ. ಪಕ್ಕದ ಹೊಲದಲ್ಲಿ ನವಣೆ ಇದೆಯಲ್ಲ, ಬದುವಿನಲ್ಲಿ ನಿಂತು ಆ ಕಡೆ ತಿರುಗಿ ಒಂದು ಫೋಟೊ ತೆಗೆದುಕೊಂಡರೆ ಆಯಿತಲ್ಲ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಅದು ಅವರ ಹೊಲದ ನವಣಿ ಆತಲ್ರಿ.”

“ಇಲ್ಲಿಂದ ತೆಗೆದರೆ ಫೋನು ಒಪ್ಪುವುದಿಲ್ಲವೇನು?” ಒಪ್ಪುವುದಿಲ್ಲ ಎಂದು ಆಕೆ ಹೇಳಿಬಿಟ್ಟಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

“ಫೋನು ಒಪ್ಪತೈತ್ರಿ ಸರ್. ನಾನು ಒಪ್ಪಂಗಿಲ್ಲ.”

ಪಕ್ಕದಲ್ಲೇ ನಿಂತಿದ್ದ ನನ್ನ ತಮ್ಮ ಸಿಟ್ಟಿನಿಂದ ಟವೆಲ್ ಕೊಡವಿ ದೂರ ಹೋದ. ಆಕೆ ಬದುವಿನಿಂದ ಇಳಿದು, ನಮ್ಮ ಮೆಕ್ಕೆಜೋಳದ ನಡುವೆ ಹೋಗಿ, ಮೂರು ಕಡೆಯಿಂದ ಫೋಟೊ ತೆಗೆದಳು. ಎಲೆಗಳ ಮೇಲಿನ ನೀರು ಸೀರೆಗೆಲ್ಲ ಹಿಡಿದಿತ್ತು. ವಾಪಸು ಬಂದು ಬದು ಹತ್ತುವಾಗ ನಾನು ಕೈ ಕೊಟ್ಟೆ. ಆಗ ಬಾಯಿಂದ ಹೊರಟುಬಿಟ್ಟಿತು.

“ಅಮ್ಮ, ಆ ವರ್ಷ ನಾನು ಸಿಟ್ಟಿನಲ್ಲಿ ನಿನ್ನ ಅಂಕ ಕಡಿಮೆ ಮಾಡಿದೆ. ನಿನ್ನ ಬಿ.ಎಡ್. ಹೋದದ್ದು ನನ್ನಿಂದ.”

ವರ್ಷಗಟ್ಟಲೆ ಹೊತ್ತುಕೊಂಡ ಮಾತು. ಹೇಳುವಾಗ ಕಣ್ಣು ತುಂಬಿತ್ತು. ಆಕೆ ಪರವಾಗಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಇಲ್ಲವೇ ಬೈಯುತ್ತಾಳೆ. ಎರಡಕ್ಕೂ ತಯಾರಾಗಿದ್ದೆ.

ಆಕೆ ಫೋನಿನ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿದಳು.

“ಪೂರಾ ನಿಮ್ಮಿಂದಲ್ರಿ ಸರ್. ನಾನು ಲೆಕ್ಕ ಹಾಕಿ ನೋಡೀನಿ. ಸೀಟಿಗೆ ಒಂಬತ್ತು ಮಾರ್ಕ್ಸ್ ಕಡಿಮಿ ಬಿದ್ದಿದ್ವು. ಆರು ನಿಮ್ಮವು. ಮೂರು ಇಂಗ್ಲಿಷಿನಾಗ ನಾನಾ ಕಳಕೊಂಡಿದ್ದು. ನೀವು ಕೊಟ್ಟಿದ್ರೂ ಸೀಟು ಬರ್ತಿರಲಿಲ್ಲ.”

ಹಾಗಾದರೆ ನನ್ನ ತಪ್ಪೇ ಇಲ್ಲ ಅನ್ನು ಎಂಬಂತೆ ಆಕೆಯ ಮುಖ ನೋಡಿದೆನೋ ಏನೋ.

“ಆದ್ರ ಆ ಆರು ನಿಮ್ಮವಾ ರಿ” ಎಂದಳು. ಚಪ್ಪಲಿ ಮೆಟ್ಟಿಕೊಂಡು, ಕೊಡೆ ಬಿಚ್ಚಿ, ಮುಂದಿನ ಹೊಲಕ್ಕೆ ಹೋದಳು.